ಏಳನೇ ನಂಬರಿನ ದಬ್ಬಣ

೩ ಫೆಬ್ರವರಿ

ಪೂಜ್ಯ ಭಾವನವರ ಸನ್ನಿಧಿಗೆ,

ಸಕಲ ಭೂಮಂಡಲಕ್ಕೂ ಈ ಮೂಲಕ ಪ್ರಕಟಪಡಿಸುವುದೇನೆಂದರೆ, ಹಳೆಯ ವಿಮಾನಗಳ ಸಂರಕ್ಷಣಾ ಸ್ವಯಂಸೇವಕರ ಸಂಘದ ಚಹಾ ಕೆಟಲ್ಲಿಗೆ ಹೊಸ ಮುಚ್ಚಳ ಬಂದಿದೆ. ಹದಿನಾಲ್ಕು ತಿಂಗಳು ತಟ್ಟೆ ಮುಚ್ಚಿಕೊಂಡು ಮಾನ ಕಾಪಾಡಿಕೊಂಡಿದ್ದ ಕೆಟಲ್ಲು ಈಗ ತಲೆಯೆತ್ತಿ ನಿಂತಿದೆ. ಮುಚ್ಚಳದ ಆಯ್ಕೆಗೆ ಉಪಸಮಿತಿ ರಚನೆಯಾಗಿ, ಮೂರು ಸಭೆ ಸೇರಿ, ಕೊನೆಗೆ ಅಧ್ಯಕ್ಷರ ಮನೆಯ ಅಟ್ಟದಲ್ಲಿ ಸಿಕ್ಕ ಒಂದನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು. ಅದು ಕೆಟಲ್ಲಿಗೆ ಸರಿಯಾಗಿ ಕೂರುವುದಿಲ್ಲ ಎನ್ನುವುದು ಬೇರೆ ಮಾತು.

ಊರು ಬಿಟ್ಟು ಹೋದವರಿಗೆ ನಾಲ್ಕು ತಿಂಗಳ ಮೇಲೆ ಕಾಗದ ಬರೆಯುವವನು ಮುಚ್ಚಳದ ಸುದ್ದಿ ಬರೆಯುತ್ತಾನಲ್ಲ ಎಂದು ನೀವು ಹುಬ್ಬೇರಿಸುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಏನು ಮಾಡಲಿ, ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಅಕ್ಕ ಎತ್ತಿ, "ಅವರು ಸ್ನಾನಕ್ಕೆ ಹೋಗಿದಾರೆ ಕಣೋ" ಅನ್ನುತ್ತಾಳೆ. ನಾಲ್ಕು ತಿಂಗಳಿಂದ ಸ್ನಾನ ಮಾಡುತ್ತಿರುವ ಮನುಷ್ಯ ಇಷ್ಟು ಹೊತ್ತಿಗೆ ಸೋಪಿನ ಜೊತೆ ಕರಗಿ ಹೋಗಿರಬೇಕಿತ್ತು.

ದೊಡ್ಡಮ್ಮ ಕ್ಷೇಮ. ಏಪ್ರಿಲ್ ಹತ್ತೊಂಬತ್ತಕ್ಕೆ ಆಕೆ ಹಾರುವುದು ಗೊತ್ತಾಗಿದೆ. ಅರವತ್ತು ವರ್ಷದಿಂದ ನೆಲ ಬಿಡದ ಮುದುಕಿ ವಿಮಾನ, ಮೇಲೆರಡು ಕೆಳಗೆರಡು ರೆಕ್ಕೆ ಚಾಚಿಕೊಂಡು, ಕಟ್ಟಿಗೆಯ ಮೈಗೆ ನಾವು ಹೊಲಿದ ಬಟ್ಟೆ ಸುತ್ತಿಕೊಂಡು ಮೇಲೇಳುತ್ತಾಳಂತೆ. ಒಬ್ಬ ದರ್ಜಿ, ಒಬ್ಬ ಸೋಫಾ ಕುಶನ್ ಹೊಲಿಯುವವರು, ಒಬ್ಬ ಹಲ್ಲಿನ ಡಾಕ್ಟರು, ಒಬ್ಬ ನಿವೃತ್ತ ಲೈಬ್ರರಿ ಮೇಡಂ, ಜೊತೆಗೆ ಹದಿಮೂರು ಜನ ಮನೆಯಲ್ಲಿ ಬೇಡವಾದವರು ಸೇರಿ ಹನ್ನೊಂದು ವರ್ಷ ತೇಯ್ದದ್ದಕ್ಕೆ ಒಂದು ಗತಿ ಕಾಣುತ್ತದೆ. ಪೈಲಟಮ್ಮನೂ ಸಿಕ್ಕಿದ್ದಾರೆ. ವಾರವಿಡೀ ಸರಕಿನ ವಿಮಾನ ಓಡಿಸಿ, ರಜೆಯ ದಿನ ನಮ್ಮ ಮುದುಕಿಯನ್ನು ಪುಕ್ಕಟೆ ಹಾರಿಸಲು ಒಪ್ಪಿದ ಪುಣ್ಯವಂತೆ.

ಈಗ ಅಸಲು ವಿಷಯ. ನಮ್ಮ ಉಪಕರಣಗಳ ಹಲಗೆ ನಿಮಗೆ ಮರೆತಿರಲಾರದು. ಒಂದೊಂದು ಸ್ಪ್ಯಾನರು, ಕತ್ತರಿ, ದಬ್ಬಣದ ಆಕಾರವನ್ನೂ ಬಿಳಿ ಹಲಗೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದು, ಆಯಾ ವಸ್ತುವನ್ನು ಅದರ ಮೇಲೇ ನೇತುಹಾಕುವುದು. ಸಂಜೆ ಒಂದೇ ಒಂದು ಕೆಂಪು ಆಕಾರ ಬರಿದಾಗಿ ಕಂಡರೂ ಶೆಡ್ಡಿಗೆ ಬೀಗ ಹಾಕುವಂತಿಲ್ಲ. ಕಳೆದ ವಸ್ತು ವಿಮಾನದ ಹೊಟ್ಟೆಯೊಳಗಿರಬಹುದಲ್ಲ. ಅಕ್ಟೋಬರಿನಲ್ಲಿ ನೀವು ಚೀಲ ಹೆಗಲಿಗೇರಿಸಿ ಹೊರಟುಹೋದ ದಿನ ಏಳನೇ ನಂಬರಿನ ದಬ್ಬಣದ ಜಾಗ ಬರಿದಾಗಿತ್ತು. ನಿಮ್ಮ ಮುಖ ನೋಡಿದ ಮೇಲೆ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಲೈಬ್ರರಿ ಮೇಡಂ ಅಲ್ಲಿ ಒಂದು ಚೀಟಿ ಸಿಕ್ಕಿಸಿದರು: "ಕುಶನ್ ಅವರ ಬಳಿ. ವಾಪಸಾಗಬೇಕು." ಏಪ್ರಿಲಿನಲ್ಲಿ ತಪಾಸಣೆಯವರು ಬಂದಾಗ ಹಲಗೆ ತುಂಬಿರಬೇಕು. ದಯವಿಟ್ಟು ಚೀಲ ತಡಕಿ ಆ ದಬ್ಬಣ ಕಳಿಸಿಕೊಡಿ.

ಆ ದಿನದ ವಿಷಯ ನಾನು ಎತ್ತುವುದಿಲ್ಲ. ನಿಮ್ಮ ನಲವತ್ತೆರಡು ಹೊಲಿಗೆ ಬಿಚ್ಚಿದ್ದು ಸರಿ ಎಂದೂ ಹೇಳುವುದಿಲ್ಲ, ತಪ್ಪು ಎಂದೂ ಹೇಳುವುದಿಲ್ಲ. ಹೊಲಿಗೆ ಮಾತ್ರ ಸೊಟ್ಟಗಿದ್ದವು.

ಇಂತಿ ನಿಮ್ಮ ಭಾವಮೈದ,
ದರ್ಜಿ


೧೧ ಫೆಬ್ರವರಿ

ಭಾವಮೈದನಿಗೆ,

ನಿನ್ನ ಕಾಗದ ತಲುಪಿತು. ಮಗಳು ಓದಿ ಹೇಳಿದಳು. ಮುಚ್ಚಳದ ವಿಷಯ ತಿಳಿದು ಈ ಮನೆಯಲ್ಲಿ ಎಲ್ಲರ ಜನ್ಮ ಸಾರ್ಥಕವಾಯಿತು.

ಹದಿನಾರು ಜನರ ಮುಂದೆ ನನ್ನ ಹೊಲಿಗೆ ಕತ್ತರಿಸಿ ನೆಲಕ್ಕೆ ಹಾಕಿದವನು ಈಗ ದಬ್ಬಣ ಕೇಳುತ್ತಿದ್ದೀಯ. ನಲವತ್ತು ವರ್ಷ ಕುಶನ್ ಹೊಲಿದಿದ್ದೇನೆ. ನಾನು ಹೊಲಿದ ಕುರ್ಚಿಯ ಮೇಲೆ ಕೂತವರು ಸತ್ತಿದ್ದಾರೆ, ಕುರ್ಚಿ ಹಾಗೇ ಇದೆ. ನಿನ್ನ ಅಂಗಡಿಯ ಪ್ಯಾಂಟುಗಳ ವಿಷಯದಲ್ಲಿ ಹಾಗೆ ಹೇಳಲು ಬರುವುದಿಲ್ಲ.

ಸಂಘದ ಒಂದು ಗುಂಡುಸೂಜಿಯೂ ನನ್ನ ಹತ್ತಿರ ಇಲ್ಲ. ಬರುವಾಗ ನನ್ನ ಸ್ವಂತದ್ದು ಮಾತ್ರ ಚೀಲಕ್ಕೆ ಹಾಕಿಕೊಂಡೆ. ರೆಕ್ಕೆಯ ಆ ಕಡೆ ನೀನು ಇದ್ದೆ, ಈ ಕಡೆ ನಾನು. ನಾನು ತೂರಿಸಿದ ದಬ್ಬಣ ಹೊರಗೆ ಬರುತ್ತಿದ್ದದ್ದು ನಿನ್ನ ಕೈಗೆ. ನಿನ್ನ ಕಡೆ ಹುಡುಕು. ನಿನ್ನ ಅಕ್ಕ ಕೇಳಿದಳೆಂದು ಬರೆಯಲು ಹೇಳುತ್ತಿದ್ದಾಳೆ. ಬರೆದಿದ್ದೇನೆ.

ನಿನ್ನ ಭಾವ


೨೦ ಫೆಬ್ರವರಿ

ಪೂಜ್ಯ ಭಾವನವರಿಗೆ,

ಪ್ಯಾಂಟಿನ ಮಾತಿಗೆ ಉತ್ತರ ಕೊಡುವ ಸಮಯ ಇದಲ್ಲ. ನಿಮ್ಮ ಕಾಗದ ಓದಿದವನು ಸೀದಾ ಹಲಗೆಯ ಮುಂದೆ ಹೋಗಿ ನಿಂತೆ. ದಬ್ಬಣ ನಿಮ್ಮಲ್ಲಿಲ್ಲ, ನನ್ನಲ್ಲಿಲ್ಲ, ಹಲಗೆಯ ಮೇಲಿಲ್ಲ. ಅಂದರೆ ಅದು ಕೆಳಗಿನ ಎಡ ರೆಕ್ಕೆಯ ಒಳಗಿದೆ. ಒಂದಡಿ ಉದ್ದದ, ಎರಡೂ ತುದಿ ಚೂಪಾದ ಉಕ್ಕಿನ ದಬ್ಬಣ. ಅದರ ಪಕ್ಕದಲ್ಲೇ ರೆಕ್ಕೆಯಂಚಿನ ಪಟ್ಟಿಯನ್ನು ಎಳೆಯುವ ತಂತಿ, ತಂತಿ ಸುತ್ತುವ ರಾಟೆ. ಆ ಪಟ್ಟಿ ಏಳದೆ ಇಳಿಯದೆ ನಿಂತರೆ ದೊಡ್ಡಮ್ಮ ಒಂದು ಮಗ್ಗುಲಿಗೆ ವಾಲಿದವಳು ಮತ್ತೆ ನೆಟ್ಟಗಾಗುವುದಿಲ್ಲ.

ಓಡಿಹೋಗಿ ಅಧ್ಯಕ್ಷರಿಗೆ ಹೇಳಿದೆ. ಅಧ್ಯಕ್ಷರಾದ ನಮ್ಮ ಹಲ್ಲಿನ ಡಾಕ್ಟರಿಗೆ ಯಾರ ನೋವನ್ನೂ ಮೊದಲ ಸಲಕ್ಕೇ ನಂಬಿ ಅಭ್ಯಾಸವಿಲ್ಲ.

"ಇದ್ರೆ ಅಲ್ಲಾಡ್ಬೇಕಲ್ಲ, ಮಾಸ್ಟ್ರೇ" ಅಂದರು.

ನಾಲ್ಕು ಜನ ರೆಕ್ಕೆಯ ತುದಿ ಹಿಡಿದು ಅಲ್ಲಾಡಿಸಿದೆವು. ಸದ್ದಿಲ್ಲ. ಆಮೇಲೆ ಅವರು ತಮ್ಮ ದವಾಖಾನೆಯಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ತಂದು, ರೆಕ್ಕೆಯ ಅಡಿಯಲ್ಲಿರುವ ತಪಾಸಣೆಯ ತೂತಿನೊಳಗೆ ತೂರಿಸಿ, ಟಾರ್ಚು ಬಿಟ್ಟು ನೋಡಿದರು. "ಹುಳುಕೇನೂ ಕಾಣ್ತಿಲ್ಲ" ಅಂದರು.

"ನಿಮ್ಮ ಎಕ್ಸ್‌ರೇ ಇದೆಯಲ್ಲ, ಡಾಕ್ಟ್ರೇ."

"ಒಂದ್ಸಲಕ್ಕೆ ಎರಡು ಹಲ್ಲು ಬೀಳುತ್ತೆ ಅದ್ರಲ್ಲಿ. ಈ ರೆಕ್ಕೆಗೆ ಎಷ್ಟು ಸಲ ತೆಗೀಲಿ, ನೀವೇ ಹೇಳಿ."

"ಹಾಗಾದ್ರೆ ಬಟ್ಟೆ ಬಿಚ್ಚೋಣ."

"ಆಹ್ವಾನ ಪತ್ರಿಕೆ ಅಚ್ಚಾಗಿದೆ ಮಾಸ್ಟ್ರೇ." ಅದನ್ನವರು ಎಷ್ಟು ಗಾಂಭೀರ್ಯದಿಂದ ಹೇಳಿದರೆಂದರೆ, ಅಚ್ಚಾದ ಮೇಲೆ ದಬ್ಬಣ ತಾನಾಗಿಯೇ ಆವಿಯಾಗಬೇಕು.

ಮರುದಿನ ಶೆಡ್ಡಿಗೆ ಹೋದರೆ ಭಾವ, ನಾನು ಕಂಡದ್ದನ್ನು ಶತ್ರುವೂ ಕಾಣಬಾರದು. ಹಲಗೆಯ ಮೇಲಿದ್ದ ಏಳನೇ ದಬ್ಬಣದ ಕೆಂಪು ಆಕಾರಕ್ಕೆ ಬಿಳಿ ಬಣ್ಣ ಬಳಿದಿದ್ದರು. ಚೀಟಿಯೂ ಮಾಯ. ಆರರ ಪಕ್ಕ ಎಂಟು ಕೂತಿತ್ತು. ಹಲಗೆ ಈಗ ಪೂರ್ತಿ ತುಂಬಿದೆಯಂತೆ, ಯಾವ ಕೊರತೆಯೂ ಇಲ್ಲವಂತೆ. ಇದೇ ಕ್ರಮ ಅನುಸರಿಸಿದರೆ ಊರಿನಲ್ಲಿ ಹಲ್ಲುನೋವೇ ಇರದು. ಹಲ್ಲನ್ನು ಲೆಕ್ಕದಿಂದ ತೆಗೆದರಾಯಿತು. ಲೈಬ್ರರಿ ಮೇಡಂ ಹಲಗೆಯ ಮುಂದೆ ಕೈಕಟ್ಟಿಕೊಂಡು ನಿಂತಿದ್ದರು.

"ಮೂವತ್ತೆರಡು ವರ್ಷ ಲೈಬ್ರರಿ ನೋಡ್ಕೊಂಡೆ" ಅಂದರು. "ಪುಸ್ತಕ ಕಳೆದಿದೆ, ಹುಡುಕಿದೀನಿ. ಪುಸ್ತಕ ಕಳೀತು ಅಂತ ಶೆಲ್ಫನ್ನೇ ಗರಗಸ ಹಾಕಿ ಮೋಟು ಮಾಡಿದ್ದು ಇದೇ ಮೊದಲು."

ಸಂಜೆ ಸಭೆ. ರೆಕ್ಕೆ ಬಿಚ್ಚಬೇಕು ಎಂದವರು ಮೇಡಂ ಮತ್ತು ನಾನು. ಬೇಡ ಎಂದವರು ಹನ್ನೆರಡು. ಉಳಿದವರು ಚಹಾ ಕುಡಿಯುತ್ತಿದ್ದರು. ಆಮೇಲೆ ಠರಾವು ಬರೆದರು. ಅದನ್ನು ನಿಮಗೆ ತಿಳಿಸಬಾರದೆಂದಿದ್ದೆ, ಆದರೆ ಮುಚ್ಚಿಟ್ಟರೆ ನಾನೂ ಬಿಳಿ ಬಣ್ಣ ಬಳಿದಂತೆ: "ಸದರಿ ದಬ್ಬಣವನ್ನು ಸಂಘ ತೊರೆದ ಮಾಜಿ ಸದಸ್ಯರು ತಮ್ಮೊಂದಿಗೆ ಒಯ್ದಿರುತ್ತಾರೆಂದು ಭಾವಿಸಿ ವಿಷಯವನ್ನು ಮುಕ್ತಾಯಗೊಳಿಸಲಾಗಿದೆ."

ಭಾವಿಸಿ, ಅಂತೆ. ಹನ್ನೊಂದು ವರ್ಷ ಮೊಣಕಾಲೂರಿ ಹೊಲಿದ ಮನುಷ್ಯನನ್ನು ಒಂದೇ ವಾಕ್ಯದಲ್ಲಿ ದಬ್ಬಣಗಳ್ಳ ಮಾಡಿ, ಬಿಸ್ಕತ್ತು ತಿಂದು ಎದ್ದುಹೋದರು. ನಾನು ನಿಮ್ಮ ಹೊಲಿಗೆಯನ್ನು ಸೊಟ್ಟ ಎಂದಿದ್ದೇನೆ, ಇನ್ನೂ ಹತ್ತು ಸಲ ಎನ್ನುತ್ತೇನೆ. ನಿಮ್ಮನ್ನು ಸೊಟ್ಟ ಎನ್ನುವ ಹಕ್ಕು ಆ ಹನ್ನೆರಡು ಜನರಿಗೆ ಯಾರು ಕೊಟ್ಟರು?

ಭಾವ, ಕೋಪ ಬದಿಗಿಟ್ಟು ನೆನಪು ಮಾಡಿಕೊಳ್ಳಿ. ಎದ್ದು ಹೊರಡುವಾಗ ದಬ್ಬಣ ಎಲ್ಲಿಟ್ಟಿರಿ?

ನಿಮ್ಮ ಭಾವಮೈದ,
ದರ್ಜಿ


೨ ಮಾರ್ಚ್

ಭಾವಮೈದನಿಗೆ,

ದಬ್ಬಣ ಸಿಕ್ಕಿತು. ಚೀಲದ ಒಳಬಟ್ಟೆ ಹರಿದಿತ್ತು, ಅದರೊಳಗೆ ಇಳಿದಿತ್ತು. ಈ ಕಾಗದದ ಜೊತೆ ಪಾರ್ಸೆಲ್ ಮಾಡಿದ್ದೇನೆ. ಏಳನೇ ನಂಬರು ಅದರ ಮೇಲೆಯೇ ಇದೆ, ನೋಡಿಕೋ.

ರೆಕ್ಕೆ ಬಿಚ್ಚುವ ಮಾತು ಬಿಡು. ನಾಲ್ಕು ತಿಂಗಳು ಹೊಲಿದದ್ದು, ಅದರ ಮೇಲೆ ನಾಲ್ಕು ಕೋಟು ವಾರ್ನಿಷ್ ಬಳಿದದ್ದು ಸುಮ್ಮನೆ ಹಾಳಾಗುವುದು ಬೇಡ. ಠರಾವಿನಲ್ಲಿ ಬರೆದದ್ದು ನಿಜವೇ ಆಯಿತಲ್ಲ. ಇರಲಿ. ನನಗೇನು ಆ ಊರಿನಲ್ಲಿ ಇನ್ನು ಯಾರಿಗೆ ಮುಖ ತೋರಿಸಬೇಕಾಗಿದೆ.

ನಿನ್ನ ಭಾವ


೧೦ ಮಾರ್ಚ್

ಭಾವನವರೇ,

ಪಾರ್ಸೆಲ್ ಬಂತು. ನಾನು ಎಂಥ ಸಂತೋಷದಿಂದ ಬಿಚ್ಚಿದೆ ಎಂದು ಬರೆಯಲು ನಾಚಿಕೆಯಾಗುತ್ತಿದೆ. ಅಂಗಡಿಯಲ್ಲಿ ಅಳತೆ ಕೊಡಲು ನಿಂತಿದ್ದವರ ಸೊಂಟದ ಟೇಪು ಅವರ ಕೈಗೇ ಕೊಟ್ಟು ಶೆಡ್ಡಿಗೆ ಓಡಿದೆ.

ಬಿಳಿ ಬಣ್ಣ ಬಳಿದವರು ಒಂದು ಸಂಗತಿ ಮರೆತಿದ್ದರು. ಕೆಂಪು ಬಣ್ಣ ಅಷ್ಟು ಸುಲಭಕ್ಕೆ ಅಡಗುವಂಥದ್ದಲ್ಲ. ಹದಿನೈದು ದಿನದಲ್ಲಿ ಬಿಳಿಯನ್ನು ಹೀರಿಕೊಂಡು ತೆಳುಗುಲಾಬಿಯಾಗಿ ಮೇಲೆದ್ದಿತ್ತು. ಮೇಡಂ ನಿಮ್ಮ ದಬ್ಬಣವನ್ನು ಆ ಗುಲಾಬಿ ಆಕಾರದ ಮೇಲೆ ಇಟ್ಟರು. ಒಂದು ಬೆರಳು ಗಿಡ್ಡ. ಆ ತುದಿಗೆ ಸರಿಸಿದರು, ಈ ತುದಿಗೆ ಸರಿಸಿದರು. ಎಲ್ಲಿಟ್ಟರೂ ಗಿಡ್ಡ. ಆಮೇಲೆ ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ನಮ್ಮ ನಂಬರೆಲ್ಲ ಅಚ್ಚು ಹೊಡೆದಿದ್ದು. ಇದನ್ನ ಯಾರೋ ಮೊಳೆಯಲ್ಲಿ ಗೀಚಿದಾರೆ" ಅಂದರು. ನನ್ನ ಮುಖವನ್ನಾಗಲಿ, ಪಾರ್ಸೆಲಿನ ಮೇಲಿದ್ದ ಕೈಬರಹವನ್ನಾಗಲಿ ಅವರು ನೋಡಲಿಲ್ಲ. ಒಳ್ಳೆಯ ಹೆಂಗಸು.

ಸೋಫಾದ ದಬ್ಬಣಕ್ಕೆ ಏಳು ಅಂತ ಬರೆದರೆ ಅದು ಏಳಾಗುತ್ತದೆಯೇ? ಹಾಗಾದರೆ ನಿಮಗೂ ಹಲ್ಲಿನ ಡಾಕ್ಟರಿಗೂ ಏನು ವ್ಯತ್ಯಾಸ? ಅವರು ಇದ್ದದ್ದನ್ನು ಅಳಿಸಿದರು, ನೀವು ಇಲ್ಲದ್ದನ್ನು ಗೀಚಿದಿರಿ. ನನಗೆ ಅವರ ಮೇಲೆ ಬಂದ ಸಿಟ್ಟು ಒಂದು ಕೊಡದಷ್ಟಾದರೆ ನಿಮ್ಮ ಮೇಲೆ ಬಂದದ್ದು ಬಾವಿಯಷ್ಟು. ಅವರಿಗೆ ಹೊಲಿಗೆ ಗೊತ್ತಿಲ್ಲ, ರೆಕ್ಕೆ ಗೊತ್ತಿಲ್ಲ. ನಿಮಗೆ ಗೊತ್ತಿದೆ.

ಮೊನ್ನೆ ಪೈಲಟಮ್ಮ ಬಂದಿದ್ದರು. ಸೀಟಿನಲ್ಲಿ ಕೂತು, ಚಾಲನೆಯ ಕೋಲು ಹಿಡಿದು ಆ ಕಡೆ ಈ ಕಡೆ ಆಡಿಸಿ ನೋಡಿದರು. ಕೆಳಗಿಳಿದು ರೆಕ್ಕೆಯ ಬಟ್ಟೆಯನ್ನು ಬೆರಳಲ್ಲಿ ತಟ್ಟಿದರು. ಡೋಲಿನ ಹಾಗೆ ನುಡಿಯಿತು.

"ಇದನ್ನ ಹೊಲಿದಿದ್ದು ನೀವಾ, ಮಾಸ್ಟ್ರೇ?"

"ನಾನು, ನಮ್ಮ ಭಾವ."

"ಹಾಗಾದ್ರೆ ನಂಗೆ ಯೋಚ್ನೆ ಇಲ್ಲ ಬಿಡಿ" ಅಂದು, ಚಹಾ ಕುಡಿದು, ಲೋಟ ತಾವೇ ತೊಳೆದಿಟ್ಟು ಹೋದರು.

ಲೋಟ ತೊಳೆದಿಟ್ಟು ಹೋದರು, ಭಾವ. ನಿಜ ಹೇಳಿ: ಆ ದಬ್ಬಣ ರೆಕ್ಕೆಯಲ್ಲಿದೆಯೋ ಇಲ್ಲವೋ ನಿಮಗೆ ಗೊತ್ತೋ ಗೊತ್ತಿಲ್ಲವೋ? ಇದಕ್ಕೆ ಒಂದು ಪದದ ಉತ್ತರ ಸಾಕು. ಸ್ನಾನಕ್ಕೆ ಹೋಗಿದ್ದಾರೆ ಎನ್ನುವುದು ಉತ್ತರವಲ್ಲ.

ದರ್ಜಿ


೧೭ ಮಾರ್ಚ್

ಚಿ. ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ಇದನ್ನ ಬರೀತಿರೋದು ನಿಮ್ಮ ಭಾವಂಗೆ ಗೊತ್ತಿಲ್ಲ. ನಿಜವಾಗಲೂ ಸ್ನಾನಕ್ಕೆ ಹೋಗಿದಾರೆ.

ನಿನ್ನ ಕಾಗದ ಮಗಳು ಓದಿದಳು. ಅವರು ಕೇಳಿಸಿಕೊಂಡು ಎದ್ದು ಹೋಗಿ ಹಿತ್ತಲ ಮೆಟ್ಟಿಲ ಮೇಲೆ ಕೂತರು, ಊಟಕ್ಕೆ ಕರೆದರೂ ಬರಲಿಲ್ಲ. ಕಾಗದ ಮಗಳು ಯಾಕೆ ಓದಬೇಕು ಅಂತ ನಿನಗೆ ಒಂದು ಸಲವಾದರೂ ಅನ್ನಿಸಲಿಲ್ಲವೇನೋ? ಅಷ್ಟು ಬುದ್ಧಿವಂತ ನೀನು. ಅವರಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ಎಡಗಣ್ಣು ಹೋದ ವರ್ಷದಿಂದಲೇ ಮಂಜು. ಯಾರಿಗೂ ಹೇಳಬೇಡ ಅಂದರು. ಹೇಳಿದರೆ ಶೆಡ್ಡಿಗೆ ಬರಬೇಡ ಅಂತಾರೆ ಅನ್ನೋ ಭಯ. ಬೆರಳಲ್ಲಿ ಮುಟ್ಟಿ ಮುಟ್ಟಿ ಅಂದಾಜಿನ ಮೇಲೆ ಹೊಲೀತಿದ್ದರು. ಸೊಟ್ಟಗಿರದೆ ಇನ್ನೇನಾಗುತ್ತೆ? ನೀನು ಹೇಳಿದ್ದು ಸರಿ. ಎಲ್ಲರ ಮುಂದೆ ಹೇಳಿದೆಯಲ್ಲ, ನೀನೊಬ್ಬ ಕತ್ತೆ.

ಅವರು ನಿನಗೆ ಮೋಸ ಮಾಡಬೇಕು ಅಂತ ಮಾಡಲಿಲ್ಲ. ದಬ್ಬಣ ಚೀಲಕ್ಕೇ ಹಾಕಿಕೊಂಡಿದ್ದೆ, ಮನೆ ಬದಲಾಯಿಸುವಾಗ ಎಲ್ಲೋ ಕಳೆಯಿತು ಅಂತ ತಾವೇ ನಂಬಿಬಿಟ್ಟಿದ್ದರು. ಮೊದಲು ಇಲ್ಲ ಅಂತ ಬರೆದಿದ್ದು ನಿನ್ನ ಮೇಲಿನ ಸಿಟ್ಟಿಗೆ. ಆಮೇಲೆ ನೀನು ರೆಕ್ಕೆ ಬಿಚ್ಚುತ್ತೀನಿ ಅಂದ ಕೂಡಲೇ ಹೆದರಿಕೊಂಡು ತಮ್ಮದೊಂದು ಹಳೇ ದಬ್ಬಣಕ್ಕೆ ಭೂತಗನ್ನಡಿ ಹಿಡಿದುಕೊಂಡು ನಂಬರು ಗೀಚಿದರು. ಹೆಬ್ಬೆರಳು ಕೊಯ್ದುಕೊಂಡಿದಾರೆ.

ನಿನ್ನೆ ಸಂಜೆ ನಾನೇ ಕೇಳಿದೆ. "ನೀವು ಮನೇಲಿ ಕುಶನ್ ಹೊಲೀವಾಗ ಮಧ್ಯದಲ್ಲಿ ಎದ್ದರೆ ದಬ್ಬಣ ಎಲ್ಲಿಡ್ತೀರಿ?" "ಕುಶನ್ನಿಗೇ ಚುಚ್ಚಿಡ್ತೀನಿ, ಇನ್ನೆಲ್ಲಿ" ಅಂದರು. ಅಂದವರು ಹೊಲಿಯೋ ಹಾಗೆ ಬೆರಳು ಚಾಚಿ ಗಾಳಿಯಲ್ಲೇ ಚುಚ್ಚಿ ನೋಡಿದರು. ಆಮೇಲೆ, "ರೆಕ್ಕೆಯ ಹಿಂದಿನ ಅಂಚು ಆವತ್ತು ಇನ್ನೂ ತೆರೆದೇ ಇತ್ತು ಕಣೇ. ಒಳಗಿನ ಆರನೇ ಕಟ್ಟಿಗೆ ಪಕ್ಕೆಲುಬಿಗೆ ಬಟ್ಟೆಪಟ್ಟಿ ಸುತ್ತಿತ್ತು, ಮೆತ್ತಗಿತ್ತು" ಅಂದರು. ಇಷ್ಟೇ ಅಂದಿದ್ದು. ನಿನಗೆ ಇದರಿಂದ ಏನಾದರೂ ತಿಳಿಯುತ್ತಾ ನೋಡು. ನನಗೆ ವಿಮಾನ ಗೊತ್ತಿಲ್ಲ, ಆ ಮುಖ ಗೊತ್ತು.

ನಿನ್ನ ಅಕ್ಕ


೨೬ ಮಾರ್ಚ್

ಪೂಜ್ಯ ಭಾವನವರಿಗೆ, ಅಕ್ಕನಿಗೂ ಓದಿ ಹೇಳತಕ್ಕದ್ದು,

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಸಮಸ್ತ ಸಂಘವೂ ಚಹಾಕ್ಕೆ ಸೇರಿದ್ದಾಗ, ನಾನು ಕೆಳಗಿನ ಎಡ ರೆಕ್ಕೆಯನ್ನು ಕತ್ತರಿಸಿದೆ.

ಕದ್ದು ಮಾಡಲಿಲ್ಲ. ಹಲಗೆಯ ಬಳಿ ಹೋಗಿ ಮೂರನೇ ನಂಬರಿನ ಕತ್ತರಿ ಕೇಳಿದೆ. ಮೇಡಂ ನನ್ನ ಮುಖ ನೋಡಿದರು, ಕತ್ತರಿ ಇಳಿಸಿದರು, ರಿಜಿಸ್ಟರ್ ಮುಂದಕ್ಕೆ ತಳ್ಳಿದರು. "ಸಹಿ ಹಾಕಿ. ವಾಪಸು ತಂದ್ಕೊಡಿ" ಅಂದರು. ಪೈಲಟಮ್ಮನೂ ಅಲ್ಲೇ ಇದ್ದರು. ಅವರನ್ನು ಸೀಟಿನಲ್ಲಿ ಕೂತಿರಲು ಕೇಳಿಕೊಂಡೆ.

ಆರನೇ ಪಕ್ಕೆಲುಬಿನ ಪಕ್ಕ ಬಟ್ಟೆಗೆ ಕತ್ತರಿ ಹಾಕಿದ ಸದ್ದು ಇದೆಯಲ್ಲ ಭಾವ, ಅದು ಶೆಡ್ಡಿಗೆಲ್ಲ ಕೇಳಿಸಿತು. ಡಾಕ್ಟರು ಲೋಟ ಹಿಡಿದುಕೊಂಡೇ ಓಡಿ ಬಂದರು.

"ಮಾಸ್ಟ್ರೇ, ಏನ್ರೀ ಇದು, ಸಂಘದ ಆಸ್ತಿ ಇದು."

"ಹೌದು ಡಾಕ್ಟ್ರೇ. ಒಳಗಿರೋದೂ ಸಂಘದ ಆಸ್ತೀನೇ" ಅಂದೆ.

ಅಲ್ಲೇ ಇತ್ತು. ಪಕ್ಕೆಲುಬಿನ ಬಟ್ಟೆಪಟ್ಟಿಗೆ ಅಚ್ಚುಕಟ್ಟಾಗಿ ಚುಚ್ಚಿಟ್ಟ ಏಳನೇ ದಬ್ಬಣ. ಬಿಗಿಯಾಗಿ ಚುಚ್ಚಿದ್ದರಿಂದಲೇ ಅಲ್ಲಾಡಿಸಿದರೂ ಸದ್ದಾಗಲಿಲ್ಲ. ಪಕ್ಕೆಲುಬಿನ ಹಿಂದೆ ಅಡಗಿದ್ದರಿಂದ ಹಲ್ಲಿನ ಕನ್ನಡಿಗೂ ಕಾಣಲಿಲ್ಲ. ಡಾಕ್ಟರು ಬಗ್ಗಿ ನೋಡಿದರು. ಸೋಲು ಒಪ್ಪುವ ಜಾತಿಯಲ್ಲ. "ಚೆನ್ನಾಗಿ ಕಚ್ಕೊಂಡಿದೆಯಲ್ಲ, ತನ್ನ ಪಾಡಿಗೆ ತಾನಿರೋದು. ಇದ್ರಿಂದ ಏನಾಗ್ತಿತ್ತು" ಅಂದರು.

ನಾನು ಪೈಲಟಮ್ಮನಿಗೆ ಕೋಲನ್ನು ಪೂರ್ತಿ ಬಲಕ್ಕೆ ವಾಲಿಸಲು ಹೇಳಿದೆ. ಅಷ್ಟು ದೂರ ಅದನ್ನು ಈವರೆಗೆ ಶೆಡ್ಡಿನಲ್ಲಿ ಯಾರೂ ವಾಲಿಸಿರಲಿಲ್ಲ. ಕಾರಣ ಕೇಳಿ ನಗಬೇಡಿ. ಕೋಲು ಪೂರ್ತಿ ಬಲಕ್ಕೆ ಹೋದರೆ ಎಡರೆಕ್ಕೆಯ ಅಂಚಿನ ಪಟ್ಟಿ ಪೂರ್ತಿ ಕೆಳಗಿಳಿಯುತ್ತದೆ. ಕೆಳಗಿಳಿದರೆ ಅಲ್ಲಿಟ್ಟಿರುವ ಮೇಜಿನ ಮೇಲಿನ ಕೆಟಲ್ಲಿಗೆ ಬಡಿಯುತ್ತದೆ. ರೆಕ್ಕೆ ಕೂರಿಸಿದಾಗಿನಿಂದ ಪರೀಕ್ಷೆ ಮಾಡುವವರೆಲ್ಲ, "ಸಾಕು ಸಾಕು, ಕೆಟಲ್ಲು" ಎಂದು ಅಲ್ಲಿಗೇ ನಿಲ್ಲಿಸಿದ್ದಾರೆ. ಆವತ್ತು ಮೇಡಂ ಕೆಟಲ್ಲನ್ನು ಎತ್ತಿ ಎದೆಗವಚಿಕೊಂಡು ನಿಂತರು. ಕೋಲು ವಾಲಿತು. ತಂತಿಯ ಗಂಟು ಬಂದು ದಬ್ಬಣದ ಬಾಲಕ್ಕೆ ತಗುಲಿತು. ದಬ್ಬಣ ತಿರುಗಿತು, ಅದರ ಮೂತಿ ರಾಟೆಯೊಳಗೆ ಹೋಗಿ ಕಚ್ಚಿಕೊಂಡಿತು.

"ವಾಪಸ್ ಬರ್ತಿಲ್ಲ" ಅಂದರು ಪೈಲಟಮ್ಮ. ಮೆಲ್ಲಗೆ ಅಂದರು. ಮತ್ತೊಮ್ಮೆ ಎಳೆದರು. "ಮಾಸ್ಟ್ರೇ, ವಾಪಸ್ ಬರ್ತಾನೇ ಇಲ್ಲ."

ಡಾಕ್ಟರ ಕೈಯ ಚಹಾ ಆರುತ್ತಿತ್ತು.

ಇಷ್ಟೆಲ್ಲ ಆದ ಮೇಲೆ ಸಂಘ ನನ್ನ ಪಾದಕ್ಕೆ ಬಿತ್ತೆಂದು ತಿಳಿಯಬೇಡಿ. ಸಂಜೆಯ ಠರಾವು: ಒಂದು, ಸಂಘದ ನಿರಂತರ ಜಾಗರೂಕತೆಯಿಂದಾಗಿ ದಬ್ಬಣ ಪತ್ತೆಯಾಗಿದ್ದು ಅಧ್ಯಕ್ಷರನ್ನು ಅಭಿನಂದಿಸಲಾಗಿದೆ. ಎರಡು, ಅನುಮತಿಯಿಲ್ಲದೆ ರೆಕ್ಕೆ ಕತ್ತರಿಸಿದ ದರ್ಜಿಯನ್ನು ಮೂರು ತಿಂಗಳು ಅಮಾನತು ಮಾಡಲಾಗಿದೆ. ಮೂರು, ರೆಕ್ಕೆ ಹೊಲಿಯಲು ಬೇರೆ ಯಾರಿಗೂ ಬಾರದಿರುವುದರಿಂದ ಸದರಿ ಅಮಾನತನ್ನು ಅಮಾನತಿನಲ್ಲಿಡಲಾಗಿದೆ. ಹಾರಾಟ ಮುಂದಕ್ಕೆ ಹೋಗಿದೆ. ಅಚ್ಚಾದ ಆಹ್ವಾನ ಪತ್ರಿಕೆಗಳ ಹಿಂಬದಿಯಲ್ಲೇ ಈ ಕಾಗದ ಬರೆಯುತ್ತಿದ್ದೇನೆ, ತಿರುಗಿಸಿದರೆ ಮುಖ್ಯ ಅತಿಥಿಗಳ ಹೆಸರು ಕಾಣುತ್ತದೆ.

ನಿಮ್ಮ ಮೇಲಿನ ಠರಾವು ತೆಗೆಯಬೇಕೆಂದೆ. "ದಬ್ಬಣ ಚುಚ್ಚಿಟ್ಟದ್ದು ಅವರೇ ತಾನೇ" ಎಂದು ಹನ್ನೆರಡರಲ್ಲೊಬ್ಬರು ಎದ್ದರು. ಆಗ ನಾನು ದಬ್ಬಣವನ್ನು ಎಲ್ಲರ ಮುಂದೆ ಎತ್ತಿ ಹಿಡಿದೆ. ಅದರ ಕಣ್ಣಿನಲ್ಲಿ ನಿಮ್ಮ ದಾರ ಇನ್ನೂ ಇತ್ತು, ಒಂದು ಗೇಣು. ತುದಿ ಹರಿದದ್ದಲ್ಲ, ಕತ್ತರಿಯಿಂದ ಕತ್ತರಿಸಿದ್ದು. ಕತ್ತರಿಸದೆ ಬಿಟ್ಟಿದ್ದರೆ ದಾರ ಹೊರಗೆ ನೇತಾಡುತ್ತಿತ್ತು, ಕುರುಡನಿಗೂ ಕೈಗೆ ಸಿಗುತ್ತಿತ್ತು. ಆ ದಾರ ಕತ್ತರಿಸಿ, ಇನ್ನೊಂದು ತುದಿ ಎಲ್ಲಿಗೆ ಹೋಗಿದೆ ಎಂದು ನೋಡದೆ, ಸಿಟ್ಟಿನ ಭರದಲ್ಲಿ ಅಂಚು ಮುಚ್ಚಿ ಹೊಲಿದವನು ನಾನು. ನೀವು ಚುಚ್ಚಿಟ್ಟಿರಿ, ನಾನು ಹೂತಿಟ್ಟೆ. ಹಾಗೆಂದು ನಾನೇ ಹೇಳಿ, ನಾನೇ ಬರೆಸಿ, ಕೆಳಗೆ ಸಹಿ ಹಾಕಿದ್ದೇನೆ. ನಿಮ್ಮ ಮೇಲಿದ್ದ ಸಾಲನ್ನು ಮೇಡಂ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಬಿಳಿ ಬಳಿಯಲಿಲ್ಲ.

ಇನ್ನೊಂದು ಮಾತಿದೆ. ನಾಲ್ಕು ಸಲ ಬರೆದು ನಾಲ್ಕು ಸಲವೂ ಹೊಡೆದುಹಾಕಿದೆ. ಅಕ್ಕ ನನ್ನನ್ನು ಒಂದು ಪ್ರಾಣಿಗೆ ಹೋಲಿಸಿದ್ದಳು. ಅದು ಸರಿಯಾಗಿದೆ ಎಂದು ತಿಳಿಸಿ.

ನಿಮ್ಮ ಭಾವಮೈದ,
ದರ್ಜಿ


೪ ಏಪ್ರಿಲ್

ಭಾವಮೈದನಿಗೆ,

ಕಾಗದ ತಲುಪಿತು. ನಿನ್ನಕ್ಕ ಎರಡು ಸಲ ಓದಿಸಿಕೊಂಡಳು. ನನಗೆ ಒಂದು ಸಲ ಸಾಕಾಯಿತು.

ಒಂಬತ್ತನೇ ತಾರೀಕು ಎಡಗಣ್ಣಿಗೆ ಆಪರೇಷನ್. ಬಲಗಣ್ಣಿಗೆ ಆರು ತಿಂಗಳು ಬಿಟ್ಟು. ಒಂದೂವರೆ ತಿಂಗಳ ಮೇಲೆ ಸಣ್ಣ ಕೆಲಸ ಮಾಡಬಹುದಂತೆ, ಆದರೆ ಬೆಳಕಿಗೆ ಎದುರಾಗಿ ಕೂರಬಾರದಂತೆ. ಆ ಕಣ್ಣಿನ ಡಾಕ್ಟರನ್ನು ನೋಡಿದರೆ ನಂಬಿಕೆ ಬರುತ್ತದೆ, ಯಾವ ಸಂಘದ ಅಧ್ಯಕ್ಷನೂ ಅಲ್ಲ.

ರೆಕ್ಕೆಯ ಆ ಕಡೆಗೆ ಯಾರನ್ನು ಕೂರಿಸಿದ್ದೀಯ? ಹಲ್ಲಿನವನನ್ನು ಕೂರಿಸಿದ್ದರೆ ಎಬ್ಬಿಸು. ಹೊಲಿಗೆಗಳ ನಡುವೆ ಎರಡು ಬೆರಳು ಅಂತರ, ಎರಡೂವರೆ ಅಲ್ಲ. ಆವತ್ತು ನನ್ನದು ಎರಡೂವರೆ ಆಗಿತ್ತು. ನನಗೂ ಗೊತ್ತಿತ್ತು.

ನಿನ್ನ ಭಾವ


೧೨ ಏಪ್ರಿಲ್

ಪೂಜ್ಯ ಭಾವನವರಿಗೆ,

ಕಣ್ಣು ಕಟ್ಟಿಸಿಕೊಂಡು ಮಲಗಿದ್ದೀರೆಂದು ಅಕ್ಕ ಫೋನಿನಲ್ಲಿ ಹೇಳಿದಳು. ಈ ಸಲ ಸ್ನಾನದ ನೆಪ ಬರಲಿಲ್ಲ, ಸ್ನಾನವೇ ನಿಷಿದ್ಧವಂತೆ. ಒಳ್ಳೆಯದಾಯಿತು.

ರೆಕ್ಕೆಯ ಆ ಕಡೆ ಯಾರೂ ಕೂತಿಲ್ಲ. ಮೇಡಂ ಒಂದು ದಿನ ಪ್ರಯತ್ನಿಸಿದರು. ಪ್ರತಿ ಹೊಲಿಗೆಗೂ ತಾರೀಕು ಬರೆದುಕೊಳ್ಳುತ್ತೇನೆ ಅಂದರು, ಕೈಮುಗಿದೆ. ಡಾಕ್ಟರು ತಾವಾಗಿಯೇ ಬಂದು, "ನಾನೂ ಬಾಯೊಳಗೆ ಹೊಲಿಗೆ ಹಾಕೋನೇ ಅಲ್ವಾ" ಅಂದರು. ದಬ್ಬಣ ತೂರಿಸುವ ಮೊದಲು ರೆಕ್ಕೆಗೆ "ಸ್ವಲ್ಪ ಚುಚ್ಚುತ್ತೆ, ಅಷ್ಟೇ" ಎಂದು ಹೇಳಿದ್ದು ಕೇಳಿಸಿತು. ಎಬ್ಬಿಸಿದೆ. ಹಲಗೆಗೆ ಬಳಿದ ಬಿಳಿಯನ್ನು ಅವರೇ ಕೂತು ಕೆರೆಯುತ್ತಿದ್ದಾರೆ. ಆ ಕೆಲಸ ಅವರಿಗೆ ಚೆನ್ನಾಗಿ ಬರುತ್ತದೆ.

ಪೈಲಟಮ್ಮ ಎಷ್ಟು ದಿನ ಬೇಕಾದರೂ ಕಾಯುತ್ತಾರಂತೆ. "ಆ ಇನ್ನೊಬ್ರೂ ಬರ್ಲಿ. ಇಬ್ರೂ ಹೊಲೀಲಿ. ಆಮೇಲೆ ಹಾರ್ತೀನಿ" ಅಂದರು. ಜೂನ್ ಎಂದರೆ ಜೂನ್.

ರೆಕ್ಕೆಯನ್ನು ಕಳಚಿ ಕಟ್ಟೆಗೆ ಆನಿಸಿ ನೆಟ್ಟಗೆ ನಿಲ್ಲಿಸಿದ್ದೇವೆ. ಆರನೇ ಪಕ್ಕೆಲುಬಿನ ಬಳಿ ಬಟ್ಟೆ ಬಾಯಿ ಬಿಟ್ಟುಕೊಂಡಿದೆ, ಅದರೊಳಗಿಂದ ಆಚೆಯ ಖಾಲಿ ಸ್ಟೂಲು ಕಾಣುತ್ತದೆ. ಅದನ್ನು ನೋಡಿಕೊಂಡು ಕೆಲಸ ಮಾಡುವುದು ಕಷ್ಟ.

ಹಾಗಾಗಿ ಒಂದು ಚಿಕ್ಕ ಉಪಕಾರ ಆಗಬೇಕು. ಶೆಡ್ಡಿಗೆ ಇರುವುದು ಒಂದೇ ದೊಡ್ಡ ಕಿಟಕಿ. ಅದು ನಿಮ್ಮ ಬೆನ್ನಿಗೆ ಬರಬೇಕೋ ಪಕ್ಕಕ್ಕೆ ಬರಬೇಕೋ, ಪಕ್ಕಕ್ಕಾದರೆ ಎಡಕ್ಕೋ ಬಲಕ್ಕೋ ಎಂದು ಕಣ್ಣಿನ ಡಾಕ್ಟರನ್ನು ಕೇಳಿ, ಮಗಳ ಕೈಯಲ್ಲಿ ಒಂದು ಕಾರ್ಡು ಬರೆಸಿ ಹಾಕಿ. ರೆಕ್ಕೆ ತಿರುಗಿಸಲು ನಾಲ್ಕು ಜನ ಬೇಕು, ನಾಲ್ವರಿಗೂ ಸೊಂಟನೋವು. ಒಂದೇ ಸಲ ತಿರುಗಿಸುತ್ತಾರಂತೆ.

ನಿಮ್ಮ ಭಾವಮೈದ,
ದರ್ಜಿ